ಎಂಒಯುಗೆ ಬೆಲೆ ಇಲ್ವಾ? ಓದುಗರ ಕಾನೂನು ಪ್ರಶ್ನೆಗಳು

ಪ್ರಶ್ನೆ: ಗೆಳೆಯನ ಜತೆ ಸೇರಿ ಮರದ ಗಾಣದ ಎಣ್ಣೆ ಘಟಕ ಹಾಕಿದ್ದೇನೆ. 200 ರೂಪಾಯಿ ಛಾಪಾ ಕಾಗದದ ಮೇಲೆ ‘ಎಂಒಯು’ (ಮೆಮೊರಾಂಡಮ್ ಆಫ್ ಅಂಡರ್‌ಸ್ಟ್ಯಾಂಡಿಂಗ್, ಅಂದರೆ ಪರಸ್ಪರ ತಿಳಿವಳಿಕೆ ಪತ್ರ) ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ನನ್ನದು 4 ಲಕ್ಷ ಹಣ, ಅವನದು ಜಾಗ, ಲಾಭ ಅರ್ಧ ಅರ್ಧ. ಗಾಣ ಚೆನ್ನಾಗಿ ಓಡ್ತಿದೆ. ಲೆಕ್ಕ ಕೇಳಿದರೆ ಮಾತ್ರ, ‘ಅದು ಬರೀ ಎಂಒಯು ಕಣೋ, ಅಗ್ರಿಮೆಂಟ್ ಅಲ್ಲ, ಕೋರ್ಟಲ್ಲಿ ನಡೆಯಲ್ಲ’ ಅಂತಾನೆ. ಹೌದಾ ಸಾರ್?
– ಓದುಗರು, ತಿಪಟೂರು

ಉತ್ತರ: ನಿಮ್ಮ ಗೆಳೆಯರು ತಲೆಬರಹ ಮಾತ್ರ ಓದಿದ್ದಾರೆ. 1872ರ ಕರಾರು ಕಾಯ್ದೆಯಲ್ಲಿ ‘ಎಂಒಯು’ ಅನ್ನೋ ಪದವೇ ಇಲ್ಲ. ಕೋರ್ಟು ನೋಡುವುದು ಒಳಗಿನ ಸಾಲುಗಳನ್ನು. ಯಾರು ಏನು ಕೊಡಬೇಕು, ಯಾವಾಗ, ಬದಲಿಗೆ ಏನು ಸಿಗುತ್ತೆ ಅನ್ನೋದು ಖಚಿತವಾಗಿದ್ದು, ಇಬ್ಬರೂ ಮನಸಾರೆ ಒಪ್ಪಿದ್ದರೆ, ಮೇಲೆ ಏನೇ ಬರೆದಿರಲಿ, ಅದು ಕರಾರೇ. ‘ಉಳಿದದ್ದು ಮುಂದೆ ಕೂತು ಮಾತಾಡೋಣ’ ಅಂತಲೋ, ‘ಈ ಪತ್ರದಿಂದ ಯಾರಿಗೂ ಕಾನೂನಿನ ಹೊಣೆ ಬರುವುದಿಲ್ಲ’ ಅಂತಲೋ ಬರೆದುಕೊಂಡಿದ್ದರೆ ಮಾತು ಬೇರೆ. ಹೂಡಿಕೆದಾರರ ಸಮಾವೇಶಗಳಲ್ಲಿ ಫೋಟೋಗೆ ನಿಂತು ಸಹಿ ಹಾಕ್ತಾರಲ್ಲ, ಆ ಎಂಒಯುಗಳಲ್ಲಿ ಬಹಳಷ್ಟು ಈ ಥರದವು.

ನಿಮ್ಮ ತೊಡಕು ಇರೋದು ಬೇರೆ ಕಡೆ. ಲಾಭ ಅರ್ಧ ಅರ್ಧ ಅಂತ ಸೇರಿ ವ್ಯಾಪಾರ ಮಾಡಿದರೆ ಅದನ್ನು ಪಾಲುದಾರಿಕೆ ಅಂತಲೇ ನೋಡುವ ಸಾಧ್ಯತೆ ಜಾಸ್ತಿ, ಮತ್ತು ಫರ್ಮು ನೋಂದಣಿ ಆಗಿಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಅಡ್ಡ ಬರುತ್ತೆ. ಕರಾರಿನ ಹಕ್ಕು ಅಂತ ಪಾಲುದಾರನ ಮೇಲೆ ದಾವೆ ಹಾಕೋಕೆ ಆಗಲ್ಲ. ಫರ್ಮು ಮುಚ್ಚಿಸಿ, ಲೆಕ್ಕ ಕೊಡಿಸಿ ಅಂತ ಕೇಳಬಹುದು. ಇನ್ನು ಛಾಪಾ ಕಾಗದ 200ರದ್ದೋ 500ರದ್ದೋ, ಅದರಿಂದ ಪತ್ರಕ್ಕೆ ಬಲ ಬರಲ್ಲ. ಆದರೆ ಶುಲ್ಕ ಕಡಿಮೆ ಬಿದ್ದಿದ್ದರೆ ಕೋರ್ಟು ಅದನ್ನು ಸಾಕ್ಷ್ಯ ಅಂತ ತೆಗೆದುಕೊಳ್ಳಲ್ಲ, ಕೊರತೆಯನ್ನೂ ಅದರ 10 ಪಟ್ಟು ದಂಡವನ್ನೂ ಕಟ್ಟಿ ಬನ್ನಿ ಅನ್ನುತ್ತೆ. ಹಣ ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸ್ಯಾಪ್ ಮಾತುಕತೆ ಎಲ್ಲ ಜೋಪಾನ ಮಾಡಿ. ಮೊದಲು ಒಂದು ವಕೀಲರ ನೋಟಿಸ್ ಹೋಗಲಿ.

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು ಊರ ಹಿರಿಯರ ಮುಂದೆ 2011ರಲ್ಲೇ ಬಾಯಿಮಾತಲ್ಲಿ ಹೊಲ ಹಂಚಿಕೊಂಡಿದ್ದೇವೆ. ಪಹಣಿ ಇನ್ನೂ ಜಂಟಿಯಾಗಿದೆ. ‘ಪಾಲುಪಟ್ಟಿ ಮೆಮೊರಾಂಡಮ್ ಬರೆದರೆ ಸಾಕು, ನೋಂದಣಿ ಬೇಡ’ ಅಂತ ಪತ್ರ ಬರಹಗಾರರು ಹೇಳ್ತಾರೆ. ನಿಜವಾ?
– ಓದುಗರು, ಹಾವೇರಿ

ಉತ್ತರ: ಅರ್ಧ ನಿಜ. ಇಡೀ ವಿಷಯ ನಿಂತಿರೋದು ಕ್ರಿಯಾಪದದ ಮೇಲೆ, ತಮಾಷೆ ಅಲ್ಲ. ‘ಹಿಂದೆಯೇ ಹಂಚಿಕೊಂಡು ಅವರವರ ಸ್ವಾಧೀನದಲ್ಲಿದ್ದೇವೆ, ನೆನಪಿಗೆ ಬರೆದಿಟ್ಟಿದ್ದೇವೆ’ ಅಂದರೆ ಅದು ಮೆಮೊರಾಂಡಮ್. ಲ್ಯಾಟಿನ್‌ನಲ್ಲಿ ಆ ಪದದ ಅರ್ಥವೇ ‘ನೆನಪಿಡಬೇಕಾದದ್ದು’. ಇಂಥದ್ದಕ್ಕೆ ನೋಂದಣಿ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 1976ರ ಕಾಲೆ ಪ್ರಕರಣದಲ್ಲಿ ಹೇಳಿದೆ. ಅದೇ ‘ಈ ದಿನ ಈ ಪತ್ರದ ಮೂಲಕ ಹಂಚಿಕೊಂಡಿರುತ್ತೇವೆ’ ಅಂತ ಬರೆದಿರೋ, ಹಕ್ಕು ಹುಟ್ಟಿದ್ದೇ ಆ ಪತ್ರದಿಂದ ಅಂತಾಯಿತು, ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆ ಈ ನಿಯಮಕ್ಕೆ ಇಟ್ಟ ಮಿತಿ 100 ರೂಪಾಯಿ ಬೆಲೆಯ ಸ್ಥಿರಾಸ್ತಿ. ಇವತ್ತು ಆ ದುಡ್ಡಿಗೆ ಹೊಲದ ಬದುವೂ ಬರಲ್ಲ ಬಿಡಿ.

ಪ್ರಶ್ನೆಯಲ್ಲಿ ನೀವು ಅಕ್ಕತಂಗಿಯರ ಮಾತೇ ಎತ್ತಿಲ್ಲ. ಇದ್ದು, ಹೊಲ ಪಿತ್ರಾರ್ಜಿತವೂ ಆಗಿದ್ದರೆ ಹುಷಾರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿ, ಸರ್ಕಾರಿ ದಾಖಲೆಗಳ ಆಧಾರ ಇಲ್ಲದ ಬಾಯಿಮಾತಿನ ಪಾಲನ್ನು ಸುಲಭಕ್ಕೆ ನಂಬಬಾರದು ಅಂದಿದೆ. ನಿಮ್ಮ ಪಹಣಿ ನೋಡಿದರೆ ಹಂಚಿಕೆ ಆದ ಗುರುತೇ ಇಲ್ಲ, ಅಲ್ವಾ? ಹಾಗಾಗಿ ನನ್ನನ್ನು ಕೇಳಿದರೆ, ಎಲ್ಲರನ್ನೂ ಕೂರಿಸಿಕೊಂಡು ನೋಂದಾಯಿತ ವಿಭಾಗಪತ್ರವನ್ನೇ ಮಾಡಿಸಿ. ಖರ್ಚು ಉಳಿಸೋಕೆ ಹೋಗಿ ಹತ್ತು ವರ್ಷ ಕೋರ್ಟು ಅಲೆದವರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಮನೆ ಸಾಲ ತೀರಿಸಿದ್ದೇನೆ. ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಇನ್ನೂ ‘ಎಂಒಡಿಟಿ’ ಅಂತ ಕಾಣಿಸ್ತಿದೆ.
– ಓದುಗರು, ಬೆಂಗಳೂರು

ಉತ್ತರ: ಮೂಲ ಕ್ರಯಪತ್ರ ಬ್ಯಾಂಕಿಗೆ ಒಪ್ಪಿಸಿ ಮನೆ ಅಡಮಾನ ಮಾಡಿದ್ದೀರಿ ಅನ್ನೋದಕ್ಕೆ ಬರೆದ ಮೆಮೊರಾಂಡಮ್ ಅದು. ಸಾಲ ತೀರಿದ ಕೂಡಲೇ ತಾನಾಗಿ ಅಳಿಯಲ್ಲ. ಬ್ಯಾಂಕಿನವರಿಂದ ಬಿಡುಗಡೆ ಪತ್ರ ಮಾಡಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಹೊಸ ಇಸಿ ತೆಗೆದು ನೋಡಿ. ಮೂಲ ಪತ್ರಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು, ಬ್ಯಾಂಕಿನ ತಪ್ಪಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ಮ್ಯಾನೇಜರ್ ಮುಂದೆ ಒಮ್ಮೆ ಇದನ್ನು ಹೇಳಿ ನೋಡಿ.

ಪ್ರಶ್ನೆ: ಮಗಳು ಪ್ರೈವೇಟ್ ಲಿಮಿಟೆಡ್ ಕಂಪನಿ ಶುರು ಮಾಡ್ತಿದ್ದಾಳೆ. ಮೆಮೊರಾಂಡಮ್ ಒಂದು, ಆರ್ಟಿಕಲ್ಸ್ ಒಂದು ಅಂತಾರೆ ಆಡಿಟರ್. ಎರಡು ಯಾಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಆರ್ಟಿಕಲ್ಸ್ ಮನೆಯೊಳಗಿನ ಕಟ್ಟಳೆ. ಮೆಮೊರಾಂಡಮ್ ಬೇಲಿ. ಹೆಸರು, ಯಾವ ರಾಜ್ಯ, ಉದ್ದೇಶ, ಸದಸ್ಯರ ಹೊಣೆ, ಬಂಡವಾಳ ಎಲ್ಲ ಅದರಲ್ಲಿರುತ್ತೆ. ಇಂಗ್ಲೆಂಡಿನ ಆಶ್‌ಬರಿ ಅನ್ನೋ ಕಂಪನಿಯ ಮೆಮೊರಾಂಡಮ್‌ನಲ್ಲಿದ್ದದ್ದು ರೈಲು ಗಾಡಿ ತಯಾರಿಸೋ ಕೆಲಸ. ಅದು ಬೆಲ್ಜಿಯಂನಲ್ಲಿ ರೈಲು ದಾರಿ ಕಟ್ಟಿಸೋ ಕರಾರಿಗೆ ಇಳಿಯಿತು. ಗಾಡಿ ಬೇರೆ, ದಾರಿ ಬೇರೆ, ಷೇರುದಾರರೆಲ್ಲ ಒಪ್ಪಿದರೂ ಇದು ಊರ್ಜಿತವಾಗಲ್ಲ ಅಂತ 1875ರಲ್ಲಿ ತೀರ್ಪಾಯಿತು. ಆದ್ದರಿಂದ ಉದ್ದೇಶದ ಭಾಗವನ್ನು ಆಡಿಟರ್ ಕಾಪಿ-ಪೇಸ್ಟ್ ಮಾಡಿದ ಹಾಗೇ ಬಿಡದೆ ಮಗಳೇ ಓದಲಿ. ಆಮೇಲೂ ತಿದ್ದಬಹುದು, ಅದಕ್ಕೆ ವಿಶೇಷ ನಿರ್ಣಯ, ಅಂದರೆ ಷೇರುದಾರರ ಮುಕ್ಕಾಲು ಪಾಲು ಮತದ ಒಪ್ಪಿಗೆ ಬೇಕು.

ಪ್ರಶ್ನೆ: ಆಫೀಸಲ್ಲಿ ಮೆಮೋ ಕೊಟ್ಟಿದ್ದಾರೆ. ತಗೊಂಡೆ ಅಂತ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಾ?
– ಓದುಗರು, ಕಲಬುರಗಿ

ಉತ್ತರ: ಇಲ್ಲ. ‘ಪ್ರತಿ ತಲುಪಿದೆ’ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿ. ಕೊಟ್ಟಿರೋ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು, ಅದರ ಪ್ರತಿಯ ಮೇಲೆ ಅವರ ಸೀಲು ತಗೊಳ್ಳಿ.