ಓದುಗರ ಪ್ರಶ್ನೆ: ಒಂದೇ ಖಾನೆಯ ಕ್ಯಾಬಿನೆಟ್ಟಿಗೆ ಎರಡನೆಯ ಡಿವಿಡಿ ಡ್ರೈವ್

ಪ್ರಶ್ನೆ: ನಮ್ಮ ಸೀಮೆಯ ತಾಳಮದ್ದಳೆ, ಯಕ್ಷಗಾನಗಳ ಧ್ವನಿಮುದ್ರಣಗಳಿರುವ ನೂರಾರು ಸಿ.ಡಿ.ಗಳು ನಮ್ಮಲ್ಲಿವೆ. ಅವುಗಳಲ್ಲಿ ಕೆಲವನ್ನು ಈಗಿನ ಡ್ರೈವ್ ಓದುತ್ತಿಲ್ಲ. ಇನ್ನೊಂದು ಡ್ರೈವ್ ಹಾಕೋಣವೆಂದರೆ ಕಂಪ್ಯೂಟರಿನ ಕ್ಯಾಬಿನೆಟ್ಟಿನಲ್ಲಿ ದೊಡ್ಡ ಖಾನೆ ಒಂದೇ ಇದೆ. ಅದರ ಕೆಳಗೆ ಹಳೆಯ ಫ್ಲಾಪಿ ಡ್ರೈವಿನ ಸಣ್ಣ ಖಾನೆ ಖಾಲಿ ಬಿದ್ದಿದೆ. ಅದನ್ನು ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದೇ? ಹೊಸ ಕ್ಯಾಬಿನೆಟ್ ಕೊಳ್ಳಲು ಹೋದರೆ ಅಂಗಡಿಯಲ್ಲಿ ತೋರಿಸಿದವುಗಳಲ್ಲಿ ಇಂಥ ಖಾನೆಯೇ ಇರಲಿಲ್ಲ.
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮಾಡಬಹುದು, ಮತ್ತು ತಮ್ಮ ಉದ್ದೇಶಕ್ಕೆ ಎರಡನೆಯ ಡ್ರೈವ್ ನಿಜಕ್ಕೂ ಬೇಕು. ಮನೆಯಲ್ಲಿ ಬರೆದ ಸಿ.ಡಿ.ಯಲ್ಲಿ ಧ್ವನಿ ಉಳಿದಿರುವುದು ಬಣ್ಣದ ಒಂದು ತೆಳು ಪದರದಲ್ಲಿ. ಆ ಬಣ್ಣ ಮಾಸಿದಂತೆ ಬೆಳಕು ಪ್ರತಿಫಲಿಸುವಾಗಿನ ವ್ಯತ್ಯಾಸ ಕುಗ್ಗುತ್ತದೆ. ಕುಗ್ಗಿದ ವ್ಯತ್ಯಾಸವನ್ನೂ ಗುರುತಿಸುವ ಶಕ್ತಿ ಎಲ್ಲ ಡ್ರೈವುಗಳಲ್ಲಿ ಒಂದೇ ತೆರನಾಗಿರುವುದಿಲ್ಲ. ಒಂದು ಡ್ರೈವ್ ಕೈಬಿಟ್ಟ ಸಿ.ಡಿ.ಯನ್ನು ಮತ್ತೊಂದು ಸಲೀಸಾಗಿ ಓದುವುದು ಅಪರೂಪವೇನಲ್ಲ. ಆದ್ದರಿಂದ ಈಗಿರುವ ತಯಾರಕರ ಡ್ರೈವನ್ನೇ ಮತ್ತೆ ತರದೆ ಬೇರೆ ತಯಾರಕರದನ್ನು ಆರಿಸಿ. ಹತ್ತಿಪ್ಪತ್ತು ಸಿ.ಡಿ.ಗಳಷ್ಟೇ ಇದ್ದಿದ್ದರೆ ಹೊರಗಿನಿಂದ ಯುಎಸ್‌ಬಿಗೆ ಚುಚ್ಚುವ ತೆಳು ಡ್ರೈವ್ ಸಾಕು ಎನ್ನುತ್ತಿದ್ದೆ; ನೂರಾರು ಸಿ.ಡಿ.ಗಳನ್ನು ದಿನವಿಡೀ ಓದಿಸುವ ಕೆಲಸಕ್ಕೆ ಕ್ಯಾಬಿನೆಟ್ಟಿನೊಳಗೆ ಗಟ್ಟಿಯಾಗಿ ನಿಂತ ಪೂರ್ಣ ಗಾತ್ರದ ಡ್ರೈವೇ ಲೇಸು.

ಪೂರ್ಣ ಗಾತ್ರದ ಡ್ರೈವ್ ಸುಮಾರು 146 ಮಿ.ಮೀ. ಅಗಲ, 41 ಮಿ.ಮೀ.ಗಿಂತ ತುಸು ಹೆಚ್ಚು ಎತ್ತರ ಇರುತ್ತದೆ. ಫ್ಲಾಪಿ ಖಾನೆಯಾದರೋ ಸುಮಾರು 102 ಮಿ.ಮೀ. ಅಗಲ, 25 ಮಿ.ಮೀ. ಎತ್ತರದ್ದು. ಮುಂಭಾಗದಲ್ಲಿ ಕತ್ತರಿಸಬೇಕಾದುದು ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ. ಆದರೆ ಈ ಕೆಲಸ ಆಗುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹಿಂಭಾಗ. ಡ್ರೈವಿನ ಉದ್ದ ಸಾಮಾನ್ಯವಾಗಿ 170 ಮಿ.ಮೀ.ನ ಆಸುಪಾಸಿನಲ್ಲಿರುತ್ತದೆ, ಅದರ ಹಿಂದೆ ಕೇಬಲ್ ಬಾಗುವುದಕ್ಕೆ ಇನ್ನೂ 40 ಮಿ.ಮೀ. ಆದರೂ ಬೇಕು, ಹಾಗೆ ನೋಡಿದರೆ ಕೆಳಗಿನ ಖಾನೆಯಲ್ಲಿ ಕೂರುವ ಡ್ರೈವಿನ ಹಿಂತುದಿ ಬಂದು ನಿಲ್ಲುವುದು ಮದರ್‌ಬೋರ್ಡಿನ ಮುಂಭಾಗದ ಅಂಚಿನ ಬಳಿ, ಅಂದರೆ ರ‍್ಯಾಮ್ ಪಟ್ಟಿಗಳೂ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಿಂದ) ಬರುವ 24 ಪಿನ್ನಿನ ದಪ್ಪ ಕನೆಕ್ಟರೂ ಇರುವ ಜಾಗದಲ್ಲಿ. ಡ್ರೈವಿನ ಅಳತೆಗೆ ಒಂದು ರಟ್ಟಿನ ಪೆಟ್ಟಿಗೆ ಮಾಡಿ, ಅದನ್ನು ಕೂರಿಸಬೇಕಾದ ಸ್ಥಳದಲ್ಲಿ ಒಳಗಿನಿಂದ ಹಿಡಿದು, ಪಕ್ಕದ ಬಾಗಿಲು ಮುಚ್ಚುತ್ತದೆಯೇ, ರ‍್ಯಾಮ್ ತೆಗೆದು ಹಾಕಲು ಬೆರಳು ಹೋಗುತ್ತದೆಯೇ ಎಂದು ನೋಡಿ. ಪವರ್ ಗುಂಡಿಯ ಮತ್ತು ಮುಂಭಾಗದ ಯುಎಸ್‌ಬಿಯ ತಂತಿಗಳು ಆ ಜಾಗದಲ್ಲೇ ಹಾದುಹೋಗುತ್ತಿದ್ದರೆ ಅವುಗಳನ್ನು ಬೇರೆ ದಾರಿಯಲ್ಲಿ ಒಯ್ಯಬೇಕಾಗುತ್ತದೆ. ರಟ್ಟಿನ ಪೆಟ್ಟಿಗೆಯೇ ಕೂರದಿದ್ದರೆ ಕತ್ತರಿಸುವ ಯೋಚನೆಯನ್ನು ಅಲ್ಲಿಗೇ ಬಿಡಿ. ಅಂಥ ಸಂದರ್ಭಕ್ಕೆ ಲ್ಯಾಪ್‌ಟಾಪಿನ 12.7 ಮಿ.ಮೀ. ದಪ್ಪದ ತೆಳು ಡ್ರೈವ್ ಇದೆ. ಅದಕ್ಕೆ 5 ವೋಲ್ಟ್ ಮಾತ್ರ ಸಾಕು, ಆದರೆ ಅದರ ವಿದ್ಯುತ್ ಕನೆಕ್ಟರ್ 6 ಪಿನ್ನಿನದಾದ್ದರಿಂದ ಅಡಾಪ್ಟರ್ ಬೇಕು.

ಕತ್ತರಿಸುವ ಮೊದಲು ಮದರ್‌ಬೋರ್ಡ್, ಎಸ್‌ಎಂಪಿಎಸ್, ಹಾರ್ಡ್ ಡಿಸ್ಕ್ ಎಲ್ಲವನ್ನೂ ಹೊರತೆಗೆದು ಖಾಲಿ ತಗಡಿನ ಪೆಟ್ಟಿಗೆಯನ್ನಷ್ಟೇ ಕೆಲಸಕ್ಕೆ ಒಯ್ಯಿರಿ. ಬಟ್ಟೆ ಮುಚ್ಚಿ ಕೊರೆದರೆ ಸಾಕೆಂದು ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಚೂರೊಂದು ಮದರ್‌ಬೋರ್ಡಿನ ಎರಡು ಕಾಲುಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗಿ ಬೋರ್ಡೇ ಹೋಗಬಹುದು. ಕೆಲಸ ಮುಗಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೂಲೆಮೂಲೆಗೂ ಆಡಿಸಿ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಬ್ಲೋವರ್ ಹಿಡಿದೋ ಒದ್ದೆ ಬಟ್ಟೆಯಿಂದಲೋ ತೆಗೆಯಬೇಕು.

ಫ್ಲಾಪಿಯ ಪಂಜರವನ್ನು ಸಾಮಾನ್ಯವಾಗಿ ರಿವೆಟ್ ಹೊಡೆದು ಕೂರಿಸಿರುತ್ತಾರೆ. ರಿವೆಟ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ಹಾರಿಸಿದರೆ ಪಂಜರ ತಾನಾಗಿ ಬಿಡುತ್ತದೆ, ಎಳೆದು ಬಗ್ಗಿಸಬೇಕಾಗಿಲ್ಲ. ಮುಂಭಾಗದ ತಗಡನ್ನು ಹ್ಯಾಕ್ಸಾ ಬ್ಲೇಡಿನಿಂದ ತಾವೇ ಕತ್ತರಿಸಬಹುದು. ನೇರವಾಗಿ ಬರಬೇಕೆಂದಿದ್ದರೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲೋ ತಮ್ಮ ಊರಿನಲ್ಲೋ ವಾಹನಗಳ ಟಿಂಕರಿಂಗ್ ಮಾಡುವವರ ಬಳಿ ಒಯ್ಯಿರಿ. ತೆಳು ತಗಡನ್ನು ಸೊಟ್ಟಗಾಗದಂತೆ ಕತ್ತರಿಸುವುದು ಅವರ ನಿತ್ಯದ ಕೆಲಸ, ಕಂಪ್ಯೂಟರ್ ಅಂಗಡಿಯವರದಲ್ಲ. ಗೆರೆಯ ಒಳಗೇ ಕತ್ತರಿಸಿ, ಉಳಿದುದನ್ನು ಅರದಿಂದ ಉಜ್ಜುತ್ತ ಅಳತೆಗೆ ತರಬೇಕು. ಪ್ಲಾಸ್ಟಿಕ್ ಮುಖವಾಡಕ್ಕೂ ಇದೇ ಕ್ರಮ. ಟ್ರೇ ಹೊರಬರುವಾಗ ಎಲ್ಲೂ ತಾಗದಂತೆ ಸುತ್ತಲೂ ಒಂದು ಮಿ.ಮೀ.ನಷ್ಟು ಸಂದಿ ಇರಲಿ.

ಮಲೆನಾಡಿನಲ್ಲಿ ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಕ್ಯಾಬಿನೆಟ್ಟಿನ ಉಕ್ಕಿನ ತಗಡಿಗೆ ಸತುವಿನ ಲೇಪವಿರುತ್ತದೆ; ಕತ್ತರಿಸಿದ ಅಂಚಿನಲ್ಲಿ ಆ ಲೇಪ ಹೋಗಿ ಬರಿಯ ಉಕ್ಕು ತೆರೆದುಕೊಳ್ಳುತ್ತದೆ, ಮತ್ತು ತೀರ್ಥಹಳ್ಳಿಯ ಮಳೆಗಾಲದ ಥಂಡಿಯಲ್ಲಿ ಅದು ಬೇಗನೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಹುಡಿ ಉದುರುವುದು ಡ್ರೈವಿನ ಮೇಲೆ. ಅಂಚುಗಳಿಗೆ ಝಿಂಕ್ ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ರಬ್ಬರ್ ಬೀಡಿಂಗ್ ಹಾಕಿ. ಕೈಯೂ ಕೊಯ್ಯುವುದಿಲ್ಲ, ಕೇಬಲ್ಲೂ ಹರಿಯುವುದಿಲ್ಲ.

ಡ್ರೈವನ್ನು ಹೊರುವುದಕ್ಕೆ ಎರಡೂ ಬದಿಗಳಲ್ಲಿ 25 ಮಿ.ಮೀ.ನ ಅಲ್ಯೂಮಿನಿಯಂ ಎಲ್ ಆಂಗಲ್ ಕೂರಿಸಿ, ಅದನ್ನು ಮೇಲಿನ ಪಂಜರಕ್ಕೂ ಮುಂಭಾಗದ ತಗಡಿಗೂ ಬಿಗಿಯಿರಿ. ತೂತಿನ ಜಾಗವನ್ನು ಅಂದಾಜಿನಿಂದ ಗುರುತಿಸಬೇಡಿ: ಡ್ರೈವಿನ ಪಕ್ಕಕ್ಕೆ ಕಾಗದ ಒತ್ತಿ ತೂತುಗಳ ಅಚ್ಚು ತೆಗೆದು, ಆ ಕಾಗದವನ್ನೇ ಆಂಗಲ್ಲಿಗೆ ಅಂಟಿಸಿ 3.2 ಮಿ.ಮೀ. ಬಿಟ್‌ನಿಂದ ಕೊರೆಯಿರಿ. ಸ್ಕ್ರೂ ಎಂ3 ಅಳತೆಯದು, 5 ಮಿ.ಮೀ. ಉದ್ದದ್ದು ಸಾಕು. ಹಾರ್ಡ್ ಡಿಸ್ಕಿನ ಸ್ಕ್ರೂ ಬೇರೆ ಮರೆಯದು (ಮರೆ ಎಂದರೆ ಸ್ಕ್ರೂವಿನ ಸುರುಳಿ ಗೀರು), ಅದನ್ನು ತಿರುಗಿಸಿ ತುರುಕಿದರೆ ಡ್ರೈವಿನ ಮರೆ ಕೆಡುತ್ತದೆ.

ವಿದ್ಯುತ್ತಿನ ಮಟ್ಟಿಗೆ, ಒಂದು ಡ್ರೈವ್ ಹೆಚ್ಚೆಂದರೆ 25 ವ್ಯಾಟ್‌ನಷ್ಟು ಎಳೆದೀತು, ಸರಿಯಾದ 300 ವ್ಯಾಟ್ ಎಸ್‌ಎಂಪಿಎಸ್‌ಗೆ ಅದು ಭಾರವಲ್ಲ. ಡ್ರೈವಿಗೆ ಚುಚ್ಚುವ ಚಪ್ಪಟೆಯಾದ ಸಾಟಾ ವಿದ್ಯುತ್ ತುದಿ ಸಾಲದೆ, ಹಳೆಯ 4 ಪಿನ್ನಿನ ಮೋಲೆಕ್ಸಿನಿಂದ ಸಾಟಾಗೆ ಬದಲಿಸುವ ತಂತಿಯನ್ನು ಕೊಳ್ಳಬೇಕಾಗಿ ಬಂದರೆ ಮಾತ್ರ ಎಚ್ಚರ ವಹಿಸಿ. ತಂತಿಗಳನ್ನೂ ಪ್ಲಾಸ್ಟಿಕ್ಕನ್ನೂ ಒಟ್ಟಿಗೆ ಎರಕ ಹೊಯ್ದ ಅಗ್ಗದ ತುದಿಗಳೊಳಗೆ ತಂತಿಗಳು ಒಂದಕ್ಕೊಂದು ತಾಗಿ ಕರಗಿ ಹೊತ್ತಿಕೊಂಡ ನಿದರ್ಶನಗಳಿವೆ. ತಂತಿಗಳು ಬಿಡಿಬಿಡಿಯಾಗಿ ಒಳಸೇರಿರುವ, ಹಿಂದಿನಿಂದ ನೋಡಿದರೆ ಪಿನ್ನು ಕಾಣುವ ಮಾದರಿಯನ್ನೇ ಕೇಳಿ ಪಡೆಯಿರಿ.

ಇನ್ನು ಓದಿಸುವ ಕ್ರಮ. ಒಂದು ಡ್ರೈವಿನಿಂದ ಇನ್ನೊಂದಕ್ಕೆ ನೇರವಾಗಿ ನಕಲು ಮಾಡದೆ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಎಂಪಿ3 ಕಡತಗಳಿರುವ ಸಿ.ಡಿ.ಗಳಿಗೆ ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಬಹಳ ಒಳ್ಳೆಯದು. ಓದಲಾಗದೆ ಉಳಿದ ಭಾಗಗಳನ್ನು ಅದು ಒಂದು ಕಡತದಲ್ಲಿ ಗುರುತು ಹಾಕಿಕೊಳ್ಳುತ್ತದೆ, ಅದೇ ಸಿ.ಡಿ.ಯನ್ನು ಎರಡನೆಯ ಡ್ರೈವಿಗೆ ಹಾಕಿ ಅದೇ ಕಡತವನ್ನು ಕೊಟ್ಟರೆ ಬಿಟ್ಟುಹೋದಷ್ಟನ್ನೇ ಓದಿ ತುಂಬಿಸುತ್ತದೆ. ತಾವು ಪಡುವ ಈ ಶ್ರಮದ ಫಲ ಕಾಣುವುದು ಅಲ್ಲಿಯೇ. ಟೇಪ್ ರೆಕಾರ್ಡರಿನಂತೆ ಹಾಡಿಸುವ ಆಡಿಯೋ ಸಿ.ಡಿ.ಗಳಿಗೆ ಅದು ಹೊಂದದು. ಅವುಗಳಿಗೆ ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಬಳಸಿ.

ಪ್ರಶ್ನೆ: ನನ್ನ ಹಳೆಯ ಕ್ಯಾಬಿನೆಟ್ಟಿನಲ್ಲಿ ಎರಡು ಖಾನೆಗಳಿವೆ, ಆದರೆ ಡ್ರೈವುಗಳೆರಡೂ ಅಗಲ ಪಟ್ಟಿಯ ಕೇಬಲ್ಲಿನವು. ಎರಡನ್ನೂ ಸೇರಿಸಿದರೆ ಒಂದೂ ಕಾಣಿಸುವುದಿಲ್ಲ.
– ಸಾಗರದ ಓದುಗರು

ಉತ್ತರ: ಎರಡೂ ಡ್ರೈವುಗಳ ಹಿಂದಿನ ಜಂಪರ್ (ಪಿನ್ನುಗಳಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ತುಂಡು) ಮಾಸ್ಟರ್ ಸ್ಥಾನದಲ್ಲೇ ಇರುವ ಸಾಧ್ಯತೆ ಹೆಚ್ಚು. ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಿ. 80 ಎಳೆಗಳ ಕೇಬಲ್ಲಿನ ನೀಲಿ ತುದಿಯನ್ನು ಮದರ್‌ಬೋರ್ಡಿಗೆ, ಕಪ್ಪು ತುದಿಯನ್ನು ಮಾಸ್ಟರಿಗೆ, ನಡುವಿನ ಬೂದು ತುದಿಯನ್ನು ಸ್ಲೇವಿಗೆ ಹಾಕಿ. ಕೇಬಲ್ಲಿನ ಉದ್ದ 18 ಇಂಚು ಮೀರಬಾರದು.

ಪ್ರಶ್ನೆ: ಹೊಸದಾಗಿ ಕೂರಿಸಿದ ಎರಡನೆಯ ಡ್ರೈವಿನಲ್ಲಿ ಕೆಲವು ಸಿ.ಡಿ. ಹಾಕಿದಾಗ ಇಡೀ ಕ್ಯಾಬಿನೆಟ್ ಗುಂಯ್‌ಗುಡುತ್ತದೆ. ಡ್ರೈವ್ ಕೆಟ್ಟಿದೆಯೇ?
– ಶಿವಮೊಗ್ಗದ ಓದುಗರು

ಉತ್ತರ: ಕೆಲವು ಸಿ.ಡಿ.ಗಳಿಗಷ್ಟೇ ಹೀಗಾಗುತ್ತಿದ್ದರೆ ಡ್ರೈವ್ ಕೆಟ್ಟಿರಲಾರದು. 52 ಪಟ್ಟು ವೇಗದಲ್ಲಿ ಸಿ.ಡಿ. ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಓರೆಯಾಗಿ ಅಂಟಿಸಿದ ಕಾಗದದ ಚೀಟಿಯೊಂದೇ ಸಾಕು, ತೂಕ ಒಂದು ಬದಿಗೆ ವಾಲಿ ಅದುರತೊಡಗುತ್ತದೆ. ಚೀಟಿಯನ್ನು ಕೀಳಲು ಹೋಗಬೇಡಿ, ಅದರೊಡನೆ ಮಾಹಿತಿಯ ಪದರವೂ ಎದ್ದು ಬರುತ್ತದೆ. ಡ್ರೈವಿನ ನಾಲ್ಕೂ ಸ್ಕ್ರೂಗಳು ಬಿಗಿಯಾಗಿವೆಯೇ ನೋಡಿ, ಆಂಗಲ್ಲಿಗೂ ಕ್ಯಾಬಿನೆಟ್ಟಿಗೂ ನಡುವೆ ರಬ್ಬರ್ ವಾಷರ್ ಕೊಟ್ಟು, ಅಂಥ ಸಿ.ಡಿ.ಗಳನ್ನು ತಂತ್ರಾಂಶದಲ್ಲಿ ವೇಗವನ್ನು 8 ಪಟ್ಟಿಗೆ ಇಳಿಸಿ ಓದಿಸಿ.