ನಾಲ್ಕೂವರೆಯ ಅಲಾರಂ ತೆಗೆದುಬಿಡಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕಿಲ್ಲ. ಆದರೆ ಪತ್ರದ ಕೊನೆಯಲ್ಲಿ ತಾರೀಕಿನ ಪಕ್ಕ ನೀವೇ ಗುರುತು ಹಾಕಿದ ಒಂದು ವಿವರವನ್ನು ಹೇಳದೆ ಈ ಉತ್ತರ ಶುರುವಾಗುವುದಿಲ್ಲ: "ರಾತ್ರಿ 1.40". ಮೊದಲೆರಡು ಪುಟ ದುಂಡಗಿದ್ದ ನಿಮ್ಮ ಅಕ್ಷರ ಮೂರನೆಯದರಲ್ಲಿ ಗೆರೆ ತಪ್ಪಿ ಕೆಳಗಿಳಿದಿದೆ. ಒಂದು ವಾಕ್ಯ ನಿಮಗೆ ಗೊತ್ತಿಲ್ಲದೆಯೇ ಎರಡು ಸಲ ಬಂದಿದೆ. "ನನಗೆ ಮನಸ್ಸು ಗಟ್ಟಿ ಇಲ್ಲ" ಎಂಬ ವಾಕ್ಯ ಅದು.

ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ವಯಸ್ಸು 46. ಎರಡು ತಿಂಗಳ ಹಿಂದೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ ಅದು). ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಅಂಚಿನಲ್ಲಿದ್ದೀರಿ, ತೂಕ ಇಳಿಸಿ, ನಡೆಯಿರಿ ಎಂದರು ವೈದ್ಯರು. ಅಂದಿನಿಂದ ಬೆಳಗಿನ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು ಒಂದು ಗಂಟೆ ನಡೆಯುತ್ತಿದ್ದೀರಿ. ಕಚೇರಿಯ ಉಳಿದ ಕೆಲಸ, ಮನೆಗೆಲಸ ಎಲ್ಲ ಮುಗಿದು ಮಲಗುವಾಗ ಹನ್ನೆರಡೂವರೆ. ಕೆಲವು ರಾತ್ರಿ ಮಲಗಿದರೂ ನಿದ್ದೆ ಹತ್ತುವುದಿಲ್ಲ. ತೂಕ ಇಳಿಯುವ ಬದಲು ಒಂದು ಕಿಲೋ ಏರಿದೆ. ರಾತ್ರಿ ಹನ್ನೊಂದಾದರೆ ಸಿಹಿ ಹುಡುಕಿಕೊಂಡು ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಮೊನ್ನೆ ಮಗಳು ನೀರಿನ ಲೋಟ ಬೀಳಿಸಿದಳೆಂದು ಕಿರುಚಿ, ಆಮೇಲೆ ಬಾಗಿಲು ಹಾಕಿಕೊಂಡು ಅತ್ತಿದ್ದೀರಿ. ಇಷ್ಟು ಕಷ್ಟಪಟ್ಟರೂ ಯಾಕೆ ಹೀಗೆ, ನಿದ್ದೆಗೂ ಸಕ್ಕರೆಗೂ ನಿಜವಾಗಿ ಸಂಬಂಧ ಇದೆಯೆ, ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಮೊದಲ ಮಾತು: ನಾಳೆಯಿಂದ ಆ ನಾಲ್ಕೂವರೆಯ ಅಲಾರಂ ತೆಗೆದುಬಿಡಿ. ನಡಿಗೆ ಬಿಡಿ ಎನ್ನುತ್ತಿಲ್ಲ, ಅದಕ್ಕೆ ಬೇರೆ ಹೊತ್ತು ಹುಡುಕೋಣ. ನಾಲ್ಕು ಗಂಟೆ ನಿದ್ದೆಯಲ್ಲಿ ಒಂದು ಗಂಟೆ ನಡಿಗೆ ಎಂದರೆ ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಬಿಚ್ಚಿದ ಹಾಗೆ. ನಾನು ವೈದ್ಯನಲ್ಲ. ಮಾತ್ರೆ, ಪರೀಕ್ಷೆಗಳ ವಿಚಾರದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ಆದರೆ ಈ ವಿಷಯದಲ್ಲಿ ನಡೆದ ಅಧ್ಯಯನಗಳನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅವುಗಳಲ್ಲಿ ನಿಮಗೆ ನೇರ ಸಂಬಂಧಪಟ್ಟವನ್ನು ಹೇಳುತ್ತೇನೆ.

1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಗಟ್ಟಿಮುಟ್ಟಾದ ಹನ್ನೊಂದು ಯುವಕರನ್ನು ಆರು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಕೇವಲ ಆರು ರಾತ್ರಿ. ಆಮೇಲೆ ಅವರ ರಕ್ತಕ್ಕೆ ಗ್ಲೂಕೋಸ್ ಕೊಟ್ಟು ನೋಡಿದರೆ, ಚೆನ್ನಾಗಿ ನಿದ್ದೆ ಮಾಡಿದ ದಿನಗಳಿಗಿಂತ ಅದು ಕರಗುವ ವೇಗ ಸುಮಾರು ಶೇ 40ರಷ್ಟು ಕುಗ್ಗಿತ್ತು. ಸಂಜೆಯ ಹೊತ್ತಿಗೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಇಳಿಯದೆ ಉಳಿದಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬೊಜ್ಜು ಇರಲಿಲ್ಲ, ವಯಸ್ಸೂ ಆಗಿರಲಿಲ್ಲ. ಮತ್ತೆ ಹನ್ನೆರಡು ಗಂಟೆ ಮಲಗಲು ಬಿಟ್ಟಾಗ ಎಲ್ಲವೂ ಹಳಿಗೆ ಬಂತು. ಈ ಕೊನೆಯ ಮಾತನ್ನು ದಯವಿಟ್ಟು ಮರೆಯಬೇಡಿ.

ಕಾರಣ ಇಷ್ಟೇ. ಇನ್ಸುಲಿನ್ ಬಂದು ಬಾಗಿಲು ತಟ್ಟಿದಾಗ ಜೀವಕೋಶ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಬೇಕು. ನಿದ್ದೆಗೆಟ್ಟ ದೇಹದಲ್ಲಿ ಆ ತಟ್ಟುವಿಕೆ ಕೋಶಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ದೇಹ ಅಪಾಯದಲ್ಲಿರುವಂತೆ ನಡೆದುಕೊಳ್ಳುತ್ತದೆ: ಕಾರ್ಟಿಸಾಲ್ ಏರುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ನೀವು ಬೆಳಗ್ಗೆ ನಡೆದು ಕರಗಿಸಿದ್ದನ್ನು ರಾತ್ರಿಯಿಡೀ ದೇಹವೇ ತುಂಬಿಕೊಡುತ್ತಿರುತ್ತದೆ.

ಇನ್ನು ಹನ್ನೊಂದು ಗಂಟೆಯ ಆ ಸಿಹಿ. ಇದನ್ನು ನೀವು ಮನಸ್ಸಿನ ದೌರ್ಬಲ್ಯ ಎಂದು ಬರೆದಿದ್ದೀರಿ, ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಅದೇ ಷಿಕಾಗೊದವರು 2004ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಎರಡು ರಾತ್ರಿ ನಾಲ್ಕು ಗಂಟೆ ಮಲಗಿದವರಲ್ಲಿ, ಸಾಕು ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು, ಹಸಿವು ಎಬ್ಬಿಸುವ ಘ್ರೆಲಿನ್ ಶೇ 28ರಷ್ಟು ಏರಿತ್ತು. ಹಸಿವೂ ಹೆಚ್ಚಾಯಿತು, ಅದರಲ್ಲೂ ಸಿಹಿ ಮತ್ತು ಪಿಷ್ಟದ ತಿನಿಸುಗಳ ಮೇಲೆ. ಅಂದರೆ ನಿಮ್ಮ ಕೈ ಡಬ್ಬಿಗೆ ಹೋಗುವುದರ ಹಿಂದೆ ಎರಡು ಹಾರ್ಮೋನುಗಳು ತಳ್ಳುತ್ತಿವೆ. ಅವುಗಳ ಎದುರು ದಿನವೂ ಗೆಲ್ಲಬೇಕು ಎಂದು ನಿಮಗೆ ನೀವೇ ಶಿಕ್ಷೆ ಹಾಕಿಕೊಂಡಿದ್ದೀರಿ. ಅಷ್ಟು ಗಟ್ಟಿ ಮನಸ್ಸು ಯಾರಿಗೂ ಇಲ್ಲ, ಬೇಕಾಗಿಯೂ ಇಲ್ಲ.

ತೂಕದ ವಿಷಯಕ್ಕೆ ಬಂದರೆ, ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು 2010ರ ಒಂದು ಪುಟ್ಟ ಅಧ್ಯಯನ. ಊಟ ಕಡಿಮೆ ಮಾಡಿದ ಹತ್ತು ಜನ ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಹಾಸಿಗೆಯಲ್ಲಿ ಕಳೆದರು. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಕಡಿಮೆ ಮಲಗಿದಾಗ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಕರಗಿದ್ದು ಹೆಚ್ಚಾಗಿ ಸ್ನಾಯುವೂ ಸೇರಿದಂತೆ ಕೊಬ್ಬಲ್ಲದ ಭಾಗ. ಇನ್ಸುಲಿನ್ ತಟ್ಟಿದಾಗ ಸಕ್ಕರೆಯನ್ನು ಅತಿ ಹೆಚ್ಚು ಎಳೆದುಕೊಳ್ಳುವುದೇ ಸ್ನಾಯು. ಅದನ್ನು ಕಳೆದುಕೊಂಡು ತಕ್ಕಡಿಯ ಮುಳ್ಳು ಇಳಿದರೂ ಏನು ಬಂತು? ಇದಕ್ಕೆ ಎದುರಾಗಿ 2022ರ ಒಂದು ಪ್ರಯೋಗ ಇದೆ. ತೂಕ ಹೆಚ್ಚಿದ್ದು ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿದ್ದೆ ಹೆಚ್ಚಿಸಿಕೊಳ್ಳುವುದು ಹೇಗೆ ಎಂದಷ್ಟೇ ಹೇಳಿಕೊಟ್ಟರು. ಪಥ್ಯ ಹೇಳಲಿಲ್ಲ. ನಿದ್ದೆ ಒಂದು ಗಂಟೆಗೂ ಹೆಚ್ಚು ಬೆಳೆಯಿತು. ಉಳಿದರ್ಧ ಜನಕ್ಕೆ ಹೋಲಿಸಿದರೆ ಅವರು ತಿನ್ನುವುದು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಗಿತ್ತು.

"ವರ್ಷಗಳಿಂದ ಐದು ಗಂಟೆ ಮಲಗಿ ಅಭ್ಯಾಸ, ನನಗೇನೂ ಆಗುವುದಿಲ್ಲ" ಎಂದೂ ಬರೆದಿದ್ದೀರಿ. ನಾನೂ ಹಾಗೇ ನಂಬಿದ್ದವನು. ಸಂಚಿಕೆ ಮುಗಿಸುವ ವಾರದಲ್ಲಿ ನಾಲ್ಕೈದು ಗಂಟೆ ಮಲಗುವುದು ನನಗೆ ರೂಢಿಯಾಗಿತ್ತು. ಅಂಥ ಒಂದು ವಾರ, ತೀರಿಕೊಂಡ ಹಿರಿಯರೊಬ್ಬರ ಬಗ್ಗೆ ಬಂದ ಶ್ರದ್ಧಾಂಜಲಿಯ ಕರಡನ್ನು ರಾತ್ರಿ ಎರಡಕ್ಕೆ ನಾನೇ ಮೂರು ಸಲ ತಿದ್ದಿದೆ. ಮೂರು ಸಲವೂ ಪೂರ್ತಿ ಎಚ್ಚರವಾಗಿದ್ದೇನೆ ಎಂದೇ ಅನಿಸಿತ್ತು. ಅಚ್ಚಾಗಿ ಬಂದಾಗ ಶೀರ್ಷಿಕೆಯಲ್ಲಿ ಅವರ ಹೆಸರೇ ತಪ್ಪಾಗಿತ್ತು. ಅವರ ಪತ್ನಿ ಫೋನ್ ಮಾಡಿ ಒಂದೇ ಮಾತು ಕೇಳಿದರು: "ಓದಲಿಲ್ಲವೇ ನೀವು?" ಆ ದನಿ ಇವತ್ತಿಗೂ ಕಿವಿಯಲ್ಲಿದೆ.

ಎಷ್ಟೋ ವರ್ಷಗಳ ಮೇಲೆ 2003ರ ಒಂದು ಅಧ್ಯಯನ ಓದಿದಾಗ ಆ ರಾತ್ರಿ ಅರ್ಥವಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ಕಣ್ಣು ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಆದರೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದರೆ, ಮೊದಲ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚು ಬದಲಾಗಲಿಲ್ಲ. ಕುಸಿತ ದಿನದಿನಕ್ಕೆ ಮುಂದುವರಿಯಿತು, ಕುಸಿಯುತ್ತಿದ್ದೇವೆಂಬ ಅರಿವು ಮಾತ್ರ ನಿಂತುಹೋಯಿತು. ನಾವು ಅಭ್ಯಾಸ ಎನ್ನುವುದು ಇದನ್ನೇ.

ಮಗಳ ಮೇಲೆ ಕಿರುಚಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಮಿದುಳಿನ ಆಳದಲ್ಲಿ ಅಮಿಗ್ಡಲಾ ಎಂಬ ಭಾಗವಿದೆ, ಭಯ-ಸಿಟ್ಟುಗಳ ಗಂಟೆ ಬಾರಿಸುವುದು ಅದು. ಹಣೆಯ ಹಿಂದಿನ ಭಾಗ ಅದನ್ನು ಸಮಾಧಾನಪಡಿಸುತ್ತಿರುತ್ತದೆ. ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಿದುಳನ್ನು 2007ರಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಮನ ಕಲಕುವ ಚಿತ್ರಗಳಿಗೆ ಅಮಿಗ್ಡಲಾ ಶೇ 60ರಷ್ಟು ಹೆಚ್ಚು ಕೆರಳುತ್ತಿತ್ತು, ಸಮಾಧಾನಪಡಿಸುವ ಭಾಗದೊಂದಿಗಿನ ಅದರ ನಂಟು ಸಡಿಲವಾಗಿತ್ತು. ಲೋಟ ಬಿದ್ದ ಸದ್ದು ನಿಮಗೆ ಲೋಟದ ಸದ್ದಾಗಿ ಕೇಳಿಸಿರಲಾರದು.

"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎನ್ನುತ್ತೇವೆ. ಚಿಂತೆ ಹೋದರೆ ನಿದ್ದೆ ಬರುತ್ತದೆ ಎಂಬ ನಂಬಿಕೆ ಅದರಲ್ಲಿದೆ. ಗಾಡಿ ಎದುರು ದಿಕ್ಕಿನಲ್ಲೂ ಓಡುತ್ತದೆ ಎಂಬುದು ಈಗ ಸ್ಪಷ್ಟ. ಬಹಳ ಕಾಲ ನಿದ್ದೆ ಬಾರದೆ ನರಳುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಆಕ್ಸ್‌ಫರ್ಡ್‌ನ ಸಂಶೋಧಕರು ನಿದ್ರಾಹೀನತೆ ಇದ್ದ 3,755 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂತು: ನಿದ್ದೆಗೆ ಚಿಕಿತ್ಸೆ ಪಡೆದವರಲ್ಲಿ ಆತಂಕ, ಖಿನ್ನತೆ, ಇತರರ ಮೇಲಿನ ಅತಿಯಾದ ಅನುಮಾನ ಕೂಡ ತಗ್ಗಿದ್ದವು. ಹಾಗಾಗಿ ಮೊದಲು ಮನಸ್ಸು ಸರಿಯಾಗಲಿ, ನಿದ್ದೆ ಆಮೇಲೆ ಎಂದು ಕಾಯಬೇಡಿ.

ಏನು ಮಾಡಬೇಕು? ಒಂದೇ ಸಲಕ್ಕೆ ಹತ್ತು ಬದಲಾವಣೆ ಬೇಡ, ಅದು ಇನ್ನೊಂದು ಹೊರೆಯಾಗುತ್ತದೆ. ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ. ಆರೂವರೆ ಎಂದರೆ ರಜೆಯ ದಿನವೂ ಆರೂವರೆ. ನಮ್ಮ ಮಿದುಳಿನಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗೊಂಚಲು ಇಡೀ ದೇಹಕ್ಕೆ ಗಡಿಯಾರವಾಗಿದೆ. ಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಕೊಂಡ ಮೂವರಿಗೆ 2017ರ ನೊಬೆಲ್ ಬಂತು. ಅದಕ್ಕೆ ಕೀಲಿ ಕೊಡುವುದು ಬೆಳಕು. ಎದ್ದ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಹೊರಗೆ ಬನ್ನಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಾಲ್ಕೂವರೆಯ ಕತ್ತಲಿನಲ್ಲಿ ನಡೆದಾಗ ನಿಮಗೆ ಸಿಗದೆ ಹೋದದ್ದು ಇದು.

ನಡಿಗೆಯನ್ನು ಒಡೆದು ಊಟದ ಬೆನ್ನಿಗೆ ಹಾಕಿ. ಪ್ರತಿ ಊಟದ ನಂತರ ಹದಿನೈದು ನಿಮಿಷ ಸಾಕು. ಸಕ್ಕರೆ ಏರುವ ಹೊತ್ತಿಗೇ ಸ್ನಾಯು ಅದನ್ನು ಎಳೆದುಕೊಳ್ಳುತ್ತದೆ. ರಾತ್ರಿಯೂಟ ಮಲಗುವುದಕ್ಕಿಂತ ಮೂರು ಗಂಟೆ ಮೊದಲೇ ಮುಗಿದರೆ ಒಳ್ಳೆಯದು. ರಾತ್ರಿಯ ಹೊತ್ತು ಅದೇ ಊಟಕ್ಕೆ ಸಕ್ಕರೆ ಹೆಚ್ಚು ಏರುತ್ತದೆ. ಕಾಫಿ ಮಧ್ಯಾಹ್ನಕ್ಕೇ ನಿಲ್ಲಲಿ. ಐದಾರು ಗಂಟೆಯ ನಂತರವೂ ಅದರ ಅರ್ಧದಷ್ಟು ಕೆಫೀನ್ ರಕ್ತದಲ್ಲಿ ಉಳಿದಿರುತ್ತದೆ.

ಕಚೇರಿಯ ಕೆಲಸವನ್ನು ಮನೆಗೆ ತರುವ ವಿಷಯದಲ್ಲಿ ನಾನು ದೂರದಿಂದ ಉಪದೇಶ ಮಾಡಲಾರೆ. ಆದರೆ ಮನೆಯ ಕೆಲಸದಲ್ಲಿ ಯಾವುದು ನಿಮ್ಮದೇ ಆಗಬೇಕಿಲ್ಲ ಎಂದು ಮನೆಯವರೊಂದಿಗೆ ಕೂತು ಮಾತಾಡಿ. ಆ ರಕ್ತಪರೀಕ್ಷೆಯ ಚೀಟಿಯನ್ನು ಮುಂದೆ ಇಟ್ಟುಕೊಂಡೇ ಮಾತಾಡಿ. ಹನ್ನೊಂದಕ್ಕೆ ಮಲಗಲು ಒಂದೂವರೆ ಗಂಟೆ ಎಲ್ಲಿಂದಲಾದರೂ ಬರಲೇಬೇಕು, ನಿಮ್ಮೊಬ್ಬರ ಶಿಸ್ತಿನಿಂದ ಅದು ಬರುವುದಿಲ್ಲ.

ಮಲಗಿದ ಮೇಲೂ ಕಣ್ಣು ಕೂಡದಿದ್ದರೆ ಮಗ್ಗುಲು ಬದಲಿಸುತ್ತಾ ಹೋರಾಡಬೇಡಿ. ಇಪ್ಪತ್ತು ನಿಮಿಷ ಕಳೆಯಿತು ಎನಿಸಿದರೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಗಡಿಯಾರ ಕಣ್ಣಿಗೆ ಬೀಳದಿರಲಿ, ಫೋನ್ ಬೇರೆ ಕೋಣೆಯಲ್ಲಿರಲಿ. ಒಂದು ರಾತ್ರಿ ಕೆಟ್ಟರೆ ಗಾಬರಿ ಬೇಡ, ಏಳುವ ಹೊತ್ತು ಮಾತ್ರ ಬದಲಿಸಬೇಡಿ. ಇದು ತಿಂಗಳುಗಟ್ಟಲೆ ಮುಂದುವರಿದರೆ, ನಿದ್ರಾಹೀನತೆಗೆಂದೇ ಇರುವ ಆಪ್ತಸಲಹೆಯ ಚಿಕಿತ್ಸೆ ಇದೆ. ಮಾತ್ರೆಗಿಂತ ಮೊದಲು ಅದನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಪ್ರಮುಖ ಸಂಘಟನೆಯೊಂದು 2016ರಲ್ಲೇ ಹೇಳಿದೆ.

ಎರಡು ಮಾತು ಮಾತ್ರ ವೈದ್ಯರಿಗೆ ಹೇಳಲೇಬೇಕು. ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ಕಟ್ಟಿದಂತಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ಹೌದು ಎಂದರೆ ಸ್ಲೀಪ್ ಆಪ್ನಿಯಾ ಪರೀಕ್ಷೆ ಬೇಕಾಗಬಹುದು. ಎಂಟು ಗಂಟೆ ಮಲಗಿದರೂ ಅದು ನಿದ್ದೆಯನ್ನು ಚೂರುಚೂರು ಮಾಡುತ್ತದೆ, ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಇನ್ನೊಂದು: ಆ ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ಕಾಯಬೇಡಿ. ಬದುಕು ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಅಂದೇ ಹತ್ತಿರದವರಿಗೆ, ವೈದ್ಯರಿಗೆ ಹೇಳಿ.

ಎಚ್‌ಬಿಎ1ಸಿ ಪರೀಕ್ಷೆಯನ್ನು ಮುಂದಿನ ತಿಂಗಳೇ ಮಾಡಿಸಿ ಎದೆಗುಂದಬೇಡಿ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು ನಾಲ್ಕು ತಿಂಗಳು, ಆ ಸಂಖ್ಯೆ ಹಿಂದಿನ ಎರಡು-ಮೂರು ತಿಂಗಳ ಲೆಕ್ಕ. ಸಿಡುಕು ಮತ್ತು ಸಿಹಿಯ ಸೆಳೆತ ಅದಕ್ಕಿಂತ ಎಷ್ಟೋ ಮೊದಲೇ ತಗ್ಗುತ್ತವೆ, ಗಮನಿಸಿ.

ಇನ್ನು ಮಗಳಿಗೆ ಏನು ಹೇಳಲಿ ಎಂದಿರಿ. ನಡೆದದ್ದನ್ನೇ ಹೇಳಿ: ಅಮ್ಮನಿಗೆ ತುಂಬಾ ದಿನದಿಂದ ನಿದ್ದೆ ಸಾಲುತ್ತಿಲ್ಲ, ಅದಕ್ಕೆ ಕಿರುಚಿದೆ, ತಪ್ಪು ನಿನ್ನದಲ್ಲ, ಸರಿಮಾಡಿಕೊಳ್ಳುತ್ತಿದ್ದೇನೆ. ಇವತ್ತು ರಾತ್ರಿ ಊಟವಾದ ಮೇಲೆ ಆ ಹದಿನೈದು ನಿಮಿಷ ನಡೆಯಲು ಹೊರಡುವಾಗ ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆಗಲೇ ಹೇಳಿ.

ನಿಮ್ಮ,
ಸಂಪಾದಕ