ವಿಮಾನದ ಸಿಳ್ಳೆ ಬರುವುದು ಎಲ್ಲಿಂದ?

ಪ್ರಶ್ನೆ: ಇಳಿಯಲು ಬರುವ ವಿಮಾನಗಳು ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತವೆ. ಕೆಲವಕ್ಕೆ ಮೊರೆತದ ಜೊತೆ ಸಿಳ್ಳೆಯೂ ಇರುತ್ತದೆ. ಅದು ಎಂಜಿನ್ನಿನದೋ, ಚಕ್ರದ್ದೋ? ಮಗಳ ಕಾಲೇಜು ಪ್ರಾಜೆಕ್ಟಿಗಾಗಿ 16 ಮೈಕುಗಳನ್ನು 4 ಮೀಟರ್ ಅಗಲಕ್ಕೆ ತಾರಸಿಯಲ್ಲಿ ಹರಡಿದರೆ ಪತ್ತೆಯಾದೀತೇ?
— ಓದುಗರು, ಘಾಟ್ಕೋಪರ್, ಮುಂಬೈ

ಉತ್ತರ: ವಿಮಾನ ಏರ್‌ಬಸ್ ಎ320 ಬಳಗದ್ದಾದರೆ ಎರಡೂ ಅಲ್ಲದಿರಬಹುದು. ರೆಕ್ಕೆಯ ಕೆಳಮೈಯಲ್ಲಿ, ಇಂಧನ ಟ್ಯಾಂಕಿನ ಒತ್ತಡ ಮಿತಿಮೀರಿದರೆ ಹೊರಬಿಡಲು ದುಂಡನೆಯ ಗುಳಿಗಳಿವೆ. ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ ಗಾಳಿ ಅವುಗಳ ಮೇಲೆ ಹಾದು 500-600 ಹರ್ಟ್ಸ್ ಆಸುಪಾಸಿನ ದನಿ ಹೊರಡಿಸುತ್ತದೆ. ಗುಳಿಯ ಮುಂದೆ ಗಾಳಿಯನ್ನು ಕದಡುವ ಪುಟ್ಟ ಲೋಹದ ತುಣುಕು ಕೂರಿಸಿದರೆ ಸಿಳ್ಳೆ ಅಡಗುತ್ತದೆ. ಜರ್ಮನಿಯ ವಿಮಾನಯಾನ ಸಂಸ್ಥೆ ಲುಫ್ತಾನ್ಸಾ 2014ರಿಂದ ಅಂಥ ವಿಮಾನಗಳನ್ನು ಹಾರಿಸುತ್ತಿದೆ.

ಇನ್ನು ನಿಮ್ಮ 4 ಮೀಟರ್. ರನ್‌ವೇ ತುದಿಗೆ 3 ಕಿ.ಮೀ. ಇರುವಾಗ, 3 ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನ ಸುಮಾರು 170 ಮೀಟರ್ ಎತ್ತರದಲ್ಲಿರುತ್ತದೆ. 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 349 ಮೀಟರ್. 550 ಹರ್ಟ್ಸಿನ ಒಂದು ಅಲೆ 63 ಸೆಂ.ಮೀ. ಉದ್ದ. ಎರಡು ದನಿಗಳು ಬೇರೆಬೇರೆ ಜಾಗದವೆಂದು ಕಾಣಲು ಅವುಗಳ ನಡುವೆ ಎಷ್ಟು ದೂರವಿರಬೇಕು? ಲೆಕ್ಕ ಸರಳ: 1.22 × ಅಲೆಯುದ್ದ × ಎತ್ತರ ÷ ಹರವಿನ ಅಗಲ. ಉತ್ತರ 33 ಮೀಟರ್! ಅಂದರೆ ಇಡೀ ವಿಮಾನವೇ ಒಂದು ಮಸುಕು ಮಚ್ಚೆ. ಹರವನ್ನು 12 ಮೀಟರಿಗೆ ಏರಿಸಿ, ಮಚ್ಚೆ 11 ಮೀಟರಿಗೆ ಇಳಿಯುತ್ತದೆ. ಎಡ ರೆಕ್ಕೆಯೋ ಬಲವೋ ಎನ್ನಬಹುದು. ಮೈಕು ಕೊಳ್ಳುವ ಮೊದಲು ಜಾಗ ಹುಡುಕಿ ಎನ್ನುವುದು ಅದಕ್ಕೇ.

ತಾರಸಿ ಬೇಡ. ಪ್ಯಾರಾಪೆಟ್, ನೀರಿನ ಟ್ಯಾಂಕು ಎಲ್ಲವೂ ದನಿಯನ್ನು ವಾಪಸು ಎಸೆಯುತ್ತವೆ. ಮೈದಾನದಲ್ಲೂ ಮೈಕನ್ನು ಸ್ಟ್ಯಾಂಡಿಗೆ ಏರಿಸಬೇಡಿ: ನೆಲ ಗಟ್ಟಿಯಾಗಿದ್ದು ಮೈಕು 1.2 ಮೀಟರ್ ಎತ್ತರದಲ್ಲಿದ್ದರೆ, ನೆಲದಿಂದ ಪುಟಿದ ದನಿ ನೇರ ಬಂದದ್ದನ್ನು 510 ಹರ್ಟ್ಸ್ ಹತ್ತಿರ ನುಂಗಿಹಾಕುತ್ತದೆ. ನಿಮಗೆ ಬೇಕಾದದ್ದೇ ಅಲ್ಲಿರುವುದು. 40 ಸೆಂ.ಮೀ. ಪ್ಲೈವುಡ್ ಹಲಗೆಗೆ ಮೈಕನ್ನು ಸಮಮಟ್ಟವಾಗಿ ಕೂರಿಸಿ ನೆಲಕ್ಕೇ ಇಡಿ.

ಎಲ್ಲ ಮೈಕುಗಳೂ ಒಂದೇ ಗಡಿಯಾರಕ್ಕೆ ಕಟ್ಟಿದ ರೆಕಾರ್ಡರಿಗೆ ಹೋಗಬೇಕು. ಯುಎಸ್‌ಬಿ ಮೈಕುಗಳ ಗುಂಪು, ಹಳೆಯ ಫೋನುಗಳು ನಡೆಯವು. 1 ಮಿಲಿಸೆಕೆಂಡ್ ತಪ್ಪಿದರೆ ದನಿ 35 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಂದರೆ ಅರ್ಧ ಅಲೆಗಿಂತ ಹೆಚ್ಚು, ಕೂಡಬೇಕಾದದ್ದು ಕಳೆದುಹೋಗುತ್ತದೆ.

ವಿಮಾನ ನಿಂತಿರುವುದಿಲ್ಲ ಎನ್ನುವುದನ್ನು ಬಹಳ ಮಂದಿ ಮರೆಯುತ್ತಾರೆ. ದನಿ ನೆಲ ಮುಟ್ಟುವ ಅರ್ಧ ಸೆಕೆಂಡಿನಲ್ಲಿ ಅದು 34 ಮೀಟರ್ ಮುಂದೆ ಸಾಗಿರುತ್ತದೆ. 550ರ ಸಿಳ್ಳೆ ಬರುವಾಗ 680ರ ಹತ್ತಿರ, ದೂರ ಸರಿಯುವಾಗ 460ರ ಹತ್ತಿರ ಕೇಳಿಸುತ್ತದೆ. ಆದ್ದರಿಂದ ಮೊದಲು ವಿಮಾನದ ದಾರಿ ಗೊತ್ತಾಗಬೇಕು. ಒಂದು ಕ್ಯಾಮೆರಾವನ್ನು ನೆಟ್ಟಗೆ ಆಕಾಶಕ್ಕೆ ಮುಖಮಾಡಿ ಮಲಗಿಸಿ. ಎ320ರ ಉದ್ದ 37.57 ಮೀಟರ್, ಚಿತ್ರದಲ್ಲಿ ಅಳೆದರೆ ಎತ್ತರ ಸಿಗುತ್ತದೆ. ಕ್ಯಾಮೆರಾದ ಮುಂದೆ ಬಲೂನು ಒಡೆದು ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಿ. ಆಮೇಲೆ ವಿಮಾನದ ಪ್ರತಿ ಬಿಂದುವಿನಿಂದ ಪ್ರತಿ ಮೈಕಿಗೆ ದನಿ ಬರಲು ಹಿಡಿದ ಹೊತ್ತನ್ನು ಕ್ಷಣಕ್ಷಣಕ್ಕೂ ಕಳೆದು, ಎಲ್ಲ ಮೈಕುಗಳನ್ನು ಕೂಡಿಸಿ. ಎಲ್ಲಿ ಮೊತ್ತ ಜೋರಾಗುತ್ತದೋ ಸಿಳ್ಳೆ ಅಲ್ಲಿಯದು.

ಪ್ರಶ್ನೆ: ಮೈಕುಗಳನ್ನು 15 ಸೆಂ.ಮೀ. ಅಂತರದಲ್ಲಿ ಸಾಲಾಗಿ ಜೋಡಿಸಿದ್ದೇವೆ. ಒಂದೇ ಸ್ಪೀಕರ್ ಇಟ್ಟರೂ 4000 ಹರ್ಟ್ಸ್‌ನಲ್ಲಿ ಲೆಕ್ಕಹಾಕಿದ ಚಿತ್ರದಲ್ಲಿ ಮೂರು ಕಾಣುತ್ತಿವೆ. ಕೋಡ್ ತಪ್ಪೇ?
— ವಿದ್ಯಾರ್ಥಿನಿ, ಪುಣೆ

ಉತ್ತರ: ಕೋಡ್ ಸರಿಯಿದೆ, ಜೋಡಣೆ ತಪ್ಪು. ಅಲೆ 8.7 ಸೆಂ.ಮೀ.; ನಿಮ್ಮ ಅಂತರ ಅದಕ್ಕಿಂತ ದೊಡ್ಡದು. ನೇರ ಎದುರಿನ ಸ್ಪೀಕರಿಗೆ ಎಡಬಲ 35 ಡಿಗ್ರಿಯಲ್ಲಿ ಒಂದೊಂದು ಸುಳ್ಳು ಅವಳಿ ಹುಟ್ಟಲೇಬೇಕು. ಅಂತರ ಅಲೆಯ ಅರ್ಧಕ್ಕಿಂತ ಕಡಿಮೆಯಿರಲಿ, ಇಲ್ಲವೇ ಯಾವ ಎರಡು ಮೈಕುಗಳ ಅಂತರವೂ ಮರುಕಳಿಸದಂತೆ ಸುರುಳಿಯಾಗಿ ಇಡಿ. ಎರಡನೆಯದೇ ಅಗ್ಗ. ಮೈಕುಗಳ ಜಾಗವನ್ನು ಟೇಪಿನಲ್ಲಿ 5 ಮಿ.ಮೀ.ವರೆಗೆ ಅಳೆಯಿರಿ, 1 ಸೆಂ.ಮೀ. ತಪ್ಪೆಂದರೆ ಈ ಆವರ್ತನದಲ್ಲಿ 40 ಡಿಗ್ರಿಗೂ ಮೀರಿದ ಫೇಸ್ ದೋಷ (ಒಂದು ಪೂರ್ತಿ ಅಲೆಯನ್ನು 360 ಡಿಗ್ರಿ ಎಂದು ಎಣಿಸಿದರೆ).

ಪ್ರಶ್ನೆ: ದಾಬೋಳಿ ರನ್‌ವೇ ಬೇಲಿಯ ಪಕ್ಕವೇ ಇಟ್ಟರೆ ಚೆನ್ನಾಗಿ ಸಿಗುವುದಿಲ್ಲವೇ?
— ಓದುಗರು, ವಾಸ್ಕೋ, ಗೋವಾ

ಉತ್ತರ: ಅದು ನೌಕಾಪಡೆಯ ನೆಲೆ, ಆ ಯೋಚನೆ ಬಿಡಿ. ಲಾಭವೂ ಕಡಿಮೆಯೇ. ವಿಮಾನ 50 ಮೀಟರ್ ಎತ್ತರದಲ್ಲಿದ್ದರೆ ನೆತ್ತಿಯ ಆಚೀಚೆ 30 ಡಿಗ್ರಿಯನ್ನು ದಾಟಲು ಒಂದು ಸೆಕೆಂಡೂ ಬೇಡ. 170 ಮೀಟರಿನಲ್ಲಾದರೆ ರೆಕಾರ್ಡ್ ಮಾಡಲು ಹೆಚ್ಚುಕಡಿಮೆ 3 ಸೆಕೆಂಡು ಸಿಗುತ್ತದೆ.